ಬಿತ್ತು ಅಂದ್ರೆ ಏನಪ್ಪಾ?

ಹೋದ ತಿಂಗಳು ಊರಲ್ಲಿ ಒಂದು ಗೃಹಪ್ರವೇಶ. ಊಟಕ್ಕಿನ್ನೂ ಹೊತ್ತಿತ್ತು. ನೀರು ಕುಡಿಯೋಣ ಅಂತ ಹಿಂದಿನ ಜಗಲಿಗೆ ಹೋದವನನ್ನು ದೊಡ್ಡಮ್ಮ ಒಬ್ಬರು ಕೂರಿಸಿಕೊಂಡು ನನ್ನ ಮಗಳನ್ನು ಬಾಯ್ತುಂಬಾ ಹೊಗಳಿದರು. ಚುರುಕು, ಮಾತು ಚೆಂದ, ದೊಡ್ಡವರನ್ನು ಕಂಡರೆ ಗೌರವ ಇದೆ... ಆಮೇಲೆ ದನಿ ತಗ್ಗಿಸಿ, "ಎಷ್ಟಾದ್ರೂ ನಮ್ಮ ಬಿತ್ತಲ್ಲ ನೋಡು" ಅಂದರು.

ಎಂಟು ತಿಂಗಳ ಕೂಸಾಗಿ ನಮ್ಮ ಮನೆಗೆ ಬಂದವಳು ಅವಳು. ಈಗ ಏಳು ವರ್ಷ. ಆ ಹೊತ್ತಿಗೆ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

ದೊಡ್ಡಮ್ಮನಿಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ರಾತ್ರಿ ಮಲಗುವಾಗ ಮಗಳು ಕೇಳಿದಳು, "ಅಪ್ಪಾ, ಬಿತ್ತು ಅಂದ್ರೆ ಏನು?" ನಾಳೆ ಹೇಳ್ತೇನೆ ಅಂತ ದೀಪ ಆರಿಸಿದೆ.

ನನಗೆ ಎರಡು ವರ್ಷದಿಂದ ಅರಾಮಿಕ್ ಕಲಿಯುವ ಒಂದು ಹುಚ್ಚು ಹತ್ತಿದೆ. ಬೈಬಲ್ಲಿನ ಹಳೆ ಒಡಂಬಡಿಕೆ ಬಹುಪಾಲು ಹೀಬ್ರೂ ಭಾಷೆಯಲ್ಲಿದ್ದರೂ ಅಲ್ಲಲ್ಲಿ ಅರಾಮಿಕ್ ಇದೆ. ಸಂಕಟ ಬಂದಾಗ ಮನುಷ್ಯ ತನಗೆ ಗೊತ್ತಿರುವ ಕಡೆಗೇ ಓಡುತ್ತಾನಲ್ಲ, ನಾನೂ ಮರುದಿನ ಪುಸ್ತಕ ತೆಗೆದೆ.

ಬೀಜಕ್ಕೆ ಅರಾಮಿಕ್‌ನಲ್ಲಿ 'ಜ಼ರ್ಆ' ಅನ್ನುತ್ತಾರೆ. ಹೀಬ್ರೂವಿನ 'ಜ಼ೆರಾ' ಇದರ ಅಕ್ಕನೋ ತಂಗಿಯೋ. ಬಿತ್ತುವ ಬೀಜ, ಗಂಡಿನ ವೀರ್ಯ, ಸಂತಾನ, ವಂಶ... ಎಲ್ಲಕ್ಕೂ ಅದೇ ಪದ. ಕ್ರಿಯಾಪದ ಮಾಡಿದರೆ 'ಬಿತ್ತುವುದು'. ನಮ್ಮಲ್ಲೂ ಹಾಗೇ ಅಲ್ವಾ? ಬಿತ್ತು ಅಂದರೆ ಬೀಜವೂ ಹೌದು, ಬಿತ್ತುವ ಕೆಲಸವೂ ಹೌದು. ದೊಡ್ಡಮ್ಮನ ಬಾಯಲ್ಲಿ ವಂಶವೂ ಹೌದು.

ಹಳೆ ಒಡಂಬಡಿಕೆಯ ಅರಾಮಿಕ್ ಭಾಗಗಳಲ್ಲಿ ಈ ಪದ ಬರುವುದು ಒಂದೇ ಒಂದು ಸಲ, ದಾನಿಯೇಲನ ಪುಸ್ತಕದ 2ನೇ ಅಧ್ಯಾಯದ 43ನೇ ವಚನದಲ್ಲಿ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರನಿಗೆ ಒಂದು ಕನಸು ಬೀಳುತ್ತದೆ. ಚಿನ್ನದ ತಲೆ, ಬೆಳ್ಳಿಯ ಎದೆ, ಕಂಚಿನ ಹೊಟ್ಟೆ, ಕಬ್ಬಿಣದ ಕಾಲುಗಳಿರುವ ದೊಡ್ಡ ವಿಗ್ರಹ. ಪಾದ ಮಾತ್ರ ಕಬ್ಬಿಣ, ಜೇಡಿಮಣ್ಣಿನ ಬೆರಕೆ. ಈ ಪಾದದ ಅರ್ಥ ಹೇಳುವಾಗ ದಾನಿಯೇಲ ಹೇಳುವುದು ಇದು: ಮನುಷ್ಯರ ಬೀಜದ ಮೂಲಕ ಬೆರೆಯುತ್ತಾರೆ, ಆದರೂ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಓದಿ ಎದೆ ಧಸಕ್ ಅಂತು. ದೊಡ್ಡಮ್ಮ ಹೇಳಿದ್ದೂ ಇದನ್ನೇ ತಾನೇ? ಬೇರೆ ಬೀಜ, ಬೆರೆತರೂ ಅಂಟುವುದಿಲ್ಲ!

ಆದರೆ ವಿದ್ವಾಂಸರಲ್ಲಿ ಅನೇಕರು ಈ ವಚನದ ಹಿಂದೆ ಕಾಣುವುದು ರಾಜಮನೆತನಗಳ ಮದುವೆಗಳನ್ನು. ಅಲೆಕ್ಸಾಂಡರನ ನಂತರ ಈಜಿಪ್ಟಿನಲ್ಲಿ ಟಾಲೆಮಿಗಳು, ಸಿರಿಯಾದಲ್ಲಿ ಸೆಲ್ಯೂಸಿಡ್ಡರು ಆಳುತ್ತಿದ್ದರು. ಜಗಳ ತೀರಲಿ ಅಂತ ಕ್ರಿ.ಪೂ. 252ರ ಸುಮಾರಿಗೆ 2ನೇ ಟಾಲೆಮಿ ತನ್ನ ಮಗಳು ಬೆರೆನೀಕೆಯನ್ನು 2ನೇ ಆಂಟಿಯೋಕಸನಿಗೆ ಕೊಟ್ಟ. ಮಗುವೂ ಹುಟ್ಟಿತು. ಕ್ರಿ.ಪೂ. 246ರಲ್ಲಿ ಆಂಟಿಯೋಕಸ್ ಸತ್ತ ಬೆನ್ನಲ್ಲೇ ತಾಯಿ ಮಗು ಇಬ್ಬರನ್ನೂ ಕೊಂದರು, ಮತ್ತೆ ಯುದ್ಧ. ಅಂದರೆ ಅಲ್ಲಿ ಬೀಜಕ್ಕೇನೂ ಕೊರತೆಯಿರಲಿಲ್ಲ. ಎರಡೂ ಮನೆಯ ರಕ್ತ ಒಂದೇ ಕೂಸಿನ ಮೈಯಲ್ಲಿ ಹರಿಯುತ್ತಿತ್ತು. ಆದರೂ ಅಂಟಲಿಲ್ಲ. ಹಾಗೆ ಓದಿದರೆ ಆ ವಚನ ದೊಡ್ಡಮ್ಮನ ಪರವಾಗಿಲ್ಲ. ಬರೀ ಬೀಜ ಯಾರನ್ನೂ ಅಂಟಿಸುವುದಿಲ್ಲ ಅನ್ನುತ್ತದೆ.

'ಅಂಟಿಕೊಳ್ಳು' ಅನ್ನುವುದಕ್ಕೆ ಅಲ್ಲಿರುವ ಧಾತು ದ-ಬ-ಕ. ಇದೇ ಧಾತು ಹೀಬ್ರೂವಿನಲ್ಲಿ ರೂತಳ ಕಥೆಯಲ್ಲಿ ಬರುತ್ತದೆ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳಕೊಂಡ ನವೊಮಿ ಊರಿಗೆ ಹೊರಟಾಗ ಒಬ್ಬ ಸೊಸೆ ಮುತ್ತಿಟ್ಟು ವಾಪಸ್ಸು ಹೋಗುತ್ತಾಳೆ. ಇನ್ನೊಬ್ಬಳು, ಮೋವಾಬಿನ ರೂತ್, ಅತ್ತೆಗೆ ಅಂಟಿಕೊಳ್ಳುತ್ತಾಳೆ. ಮುಂದೆ ರೂತ್ ಬೋವಜನನ್ನು ಮದುವೆಯಾಗಿ ಹೆತ್ತ ಮಗುವಿಗೂ ನವೊಮಿಗೂ ಹೆತ್ತ ಕರುಳಿನ ಸಂಬಂಧವಿಲ್ಲ. ಆದರೂ ನೆರೆಮನೆ ಹೆಂಗಸರು ನವೊಮಿಗೆ ಮಗ ಹುಟ್ಟಿದ ಅಂತಲೇ ಸಾರುತ್ತಾರೆ. ಆ ಮಗು ಓಬೇದ, ದಾವೀದ ರಾಜನ ಅಜ್ಜ. (ನೆರೆಮನೆ ಹೆಂಗಸರು ಅಂದರೆ ಹೀಗಿರಬೇಕು!)

ಇನ್ನೂ ಒಂದು ಸಂಗತಿ ಸಿಕ್ಕಿತು. ಅರಾಮಿಕ್‌ನದೇ ಒಂದು ಕವಲಾದ ಸಿರಿಯಕ್ ಭಾಷೆಯಲ್ಲಿ ಪೆಶಿತ್ತಾ ಅನ್ನುವ ಹಳೆಯ ಬೈಬಲ್ ಇದೆ. ಅದರಲ್ಲಿ ಸಾಸಿವೆ ಕಾಳಿನ ಸಾಮತಿ ಬರುವಾಗ 'ಜ಼ರ್ಆ' ಇಲ್ಲ. ಅಲ್ಲಿರುವುದು 'ಪೆರ್ದ್ತಾ'. ಅಂದರೆ ಕಾಳು, ಒಂದು ಅಂತ ಎಣಿಸಬಹುದಾದದ್ದು. ಬಿತ್ತುವವನ ಸಾಮತಿಯನ್ನು ಲೂಕನ ಸುವಾರ್ತೆಯಲ್ಲಿ ಬಿಡಿಸಿ ಹೇಳುವಾಗ 'ಜ಼ರ್ಆ' ಬರುತ್ತದೆ. ಆ ಬೀಜ ಯಾರ ವಂಶವೂ ಅಲ್ಲ, ದೇವರ ಮಾತು.

ಕಾಳು ಮತ್ತು ಬಿತ್ತು! ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಕೊಯ್ಲು ಮುಗಿದ ಮೇಲೆ ಅಮ್ಮ ಒಳ್ಳೆಯ ಭತ್ತವನ್ನು ಬೇರೆಯೇ ಒಣಗಿಸಿ, ಬೈಹುಲ್ಲಿನ ಮುಡಿ ಕಟ್ಟಿಸಿ ಅಟ್ಟದಲ್ಲಿ ಇಡಿಸುತ್ತಿದ್ದಳು. ನೋಡಿದರೆ ಅದೂ ಭತ್ತ, ಕಣಜದಲ್ಲಿರುವುದೂ ಭತ್ತ. ಆದರೆ ಕಣಜದ ತಳ ಕಂಡು ಅಕ್ಕಿಗೆ ತತ್ವಾರವಾದರೂ ಆ ಮುಡಿಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಕಾಪಾಡಿ ಇಟ್ಟದ್ದಕ್ಕೆ ಅದು ಬಿತ್ತು.

ನನ್ನ ಓದು ತಪ್ಪಿದ್ದರೆ ಬಲ್ಲವರು ತಿದ್ದಿ. ವಂಶ ಅನ್ನುವ ಅರ್ಥ ಆ ಗ್ರಂಥದಲ್ಲಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಬ್ರಹಾಮನ ಕಥೆಯ ಉದ್ದಕ್ಕೂ ಇರುವುದು ಅದೇ.

ಎರಡು ರಾತ್ರಿ ಕಳೆದ ಮೇಲೆ ಮಗಳಿಗೆ ಈ ಮುಡಿಯ ಕಥೆ ಹೇಳಿದೆ. ರಾಜರು, ಕಬ್ಬಿಣ, ಮಣ್ಣು ಎಲ್ಲ ಬಿಟ್ಟು. ಒಂದು ವರ್ಷ ಅಟ್ಟ ಸೋರಿ ಮುಡಿಯೆಲ್ಲ ಮುಗ್ಗಿ ಹೋಗಿತ್ತು. ಅಮ್ಮ ಆಚೆಮನೆಯಿಂದ ಬಿತ್ತು ತಂದು, ನೆನೆಹಾಕಿ, ಮೊಳಕೆ ಬರಿಸಿ ನೇಜಿ ಹಾಕಿಸಿದ್ದಳು.

"ಮತ್ತೆ ಅನ್ನ ಮಾಡಿದಾಗ ಅದು ಆಚೆಮನೆ ಅನ್ನವಾ?" ಅಂತ ಕೇಳಿದಳು.

"ಇಲ್ಲ ಪುಟ್ಟಿ, ನಮ್ಮದೇ."

"ಆ ದೊಡ್ಡಜ್ಜಿಗೆ ಅದು ಗೊತ್ತಿಲ್ವಾ?"

ಮುಂದಿನ ಸಲ ಊರಿಗೆ ಹೋದಾಗ ನಾನೇ ಹೇಳ್ತೇನೆ ಅಂದಿದ್ದೇನೆ. ಈ ಸಲ ಸುಮ್ಮನಿರುವುದಿಲ್ಲ.