ಸದರಿ ಕಾಮೆಂಟುಗಳ ಗಂಟು

ಹೋದ ತಿಂಗಳು ಈ ಬ್ಲಾಗಿನ ಬ್ಯಾಕಪ್ ತೆಗೆದೆ. ಬರಹ, ಅದರ ಕೆಳಗಿನ ಕಾಮೆಂಟು, ತಾರೀಖು ಎಲ್ಲ ಸೇರಿ ಒಂದೇ ಉದ್ದದ ಎಕ್ಸ್‌ಎಂಎಲ್ ಕಡತ. ಅದನ್ನು ತೆರೆದು ಓದುತ್ತಾ ಕೂತರೆ ಒಂದು ವಿಷಯ ಗೊತ್ತಾಯಿತು. ನನ್ನ ಬರಹಗಳಿಗಿಂತ ಅದರ ಕೆಳಗೆ ನೀವೆಲ್ಲ ಬರೆದದ್ದೇ ಚೆನ್ನಾಗಿದೆ :-)

ಆದರೆ 2007-08ರಲ್ಲಿ ಇಲ್ಲಿ ಬಂದು ಮಾತಾಡುತ್ತಿದ್ದವರ ಹೆಸರಿನ ಮೇಲೆ ಈಗ ಕ್ಲಿಕ್ ಮಾಡಿ ನೋಡಿ, ಅರ್ಧಕ್ಕರ್ಧ ಬ್ಲಾಗುಗಳು ತೆರೆಯುವುದೇ ಇಲ್ಲ. ಕೆಲವರು ತಾವೇ ಬಾಗಿಲು ಹಾಕಿಕೊಂಡರು. ಕೆಲವರು ದುಡ್ಡು ಕೊಟ್ಟು ಸ್ವಂತ ಡೊಮೈನ್ ತಗೊಂಡರು, ಆಮೇಲೆ ನವೀಕರಿಸುವುದು ಬಿಟ್ಟರು. ಪುಕ್ಕಟೆ ಜಾಗದ ಹಣೆಬರಹವಂತೂ 2009ರ ಅಕ್ಟೋಬರಿನಲ್ಲಿ ಜಿಯೋಸಿಟೀಸ್ ಮುಚ್ಚಿದಾಗಲೇ ಎಲ್ಲರಿಗೂ ತಿಳಿದಿತ್ತು.

ಶಿರಸಿ ಕಡೆಯ ಹಿರಿಯರೊಬ್ಬರು ಆಗ ತಪ್ಪದೇ ಬರುತ್ತಿದ್ದರು. ಅಪ್ಪೆಹುಳಿ ಬಗ್ಗೆ ನಾನು ಎಂಟು ಸಾಲು ಬರೆದರೆ, ಅವರು ಹೊಳೆದಂಡೆಯ ಮರದಿಂದ ಶುರುಮಾಡಿ ಮಿಡಿ ಕೊಯ್ಯುವುದು, ಸೊನೆ ತೆಗೆಯುವುದು, ಉಪ್ಪು ಹಾಕಿಡುವುದು ಎಲ್ಲ ಮುಗಿಸಿ ಮೂರು ಕಾಮೆಂಟಾಗಿ ಒಡೆದು ಹಾಕುತ್ತಿದ್ದರು. ಅವರೀಗ ಇಲ್ಲ. ಅವರ ತಾಣವೂ ಇಲ್ಲ. ಈ ವರ್ಷ ಅವರ ಮಗಳು ಮೇಲ್ ಮಾಡಿ, ಅಪ್ಪ ಬರೆದದ್ದು ನಿಮ್ಮ ಹತ್ತಿರ ಏನಾದರೂ ಉಳಿದಿದೆಯಾ ಅಂತ ಕೇಳಿದರು. ಇತ್ತು, ನಲವತ್ತಕ್ಕೂ ಹೆಚ್ಚು ಕಾಮೆಂಟು. ಬೇರೆಲ್ಲೂ ಇಲ್ಲದ ಅವರ ಬರವಣಿಗೆ ನನ್ನ ಕಡತದೊಳಗೆ ಕೂತಿತ್ತು.

ಹಾಗಾಗಿ ಈ ಸಲ ಬ್ಯಾಕಪ್ಪನ್ನು ಗಂಟು ಕಟ್ಟಿ ಇಡುವ ಕೆಲಸಕ್ಕೆ ಸ್ವಲ್ಪ ತಲೆ ಕೊಟ್ಟೆ. ಇಷ್ಟು ಚಿಕ್ಕ ಕಡತವನ್ನು ಇನ್ನೂ ಯಾಕೆ ಕುಗ್ಗಿಸಬೇಕು ಅಂತ ಕೇಳಬಹುದು. ಇವತ್ತಿನ ಪೆನ್‌ಡ್ರೈವಿಗೆ ಇದು ಲೆಕ್ಕಕ್ಕೇ ಇಲ್ಲ, ನಿಜ. ಆದರೆ ತಿಂಗಳಿಗೊಂದು ಪ್ರತಿ ಇಡುತ್ತಾ ಹೋದರೆ, ಅದನ್ನು ನಾಲ್ಕೈದು ಕಡೆ ಇಡಬೇಕೆಂದರೆ, ಮೇಲಿಗೆ ಲಗತ್ತಿಸಬೇಕೆಂದರೆ ಗಾತ್ರ ನೆನಪಾಗುತ್ತದೆ. ಇನ್ನೊಂದು ಲಾಭವೂ ಇದೆ. ಜಿಜಿಪ್ ಗಂಟಿನ ಕೊನೆಗೆ ಒಳಗಿನ ಮಾಲಿನ ಲೆಕ್ಕ ಬರೆದ ಒಂದು ಚೀಟಿ ಇರುತ್ತದೆ, ಸಿಆರ್‌ಸಿ ಅನ್ನುತ್ತಾರೆ. ಬಿಚ್ಚಿದಾಗ ಲೆಕ್ಕ ತಾಳೆಯಾಗದಿದ್ದರೆ ಪೈಥಾನ್ ಅಲ್ಲೇ ಕೂಗುತ್ತದೆ. ಬರೀ ಪಠ್ಯ ಕಡತ ಹಾಳಾದರೆ ಕೂಗುವವರು ಯಾರೂ ಇಲ್ಲ.

ನಾನು ಬಳಸುವುದು ಪೈಥಾನ್. ಹೊರಗಿನಿಂದ ಏನೂ ತರಬೇಕಿಲ್ಲ, ಜೆಡ್‌ಲಿಬ್, ಜಿಜಿಪ್, ಜಿಪ್‌ಫೈಲ್, ಎಲ್‌ಜೆಡ್‌ಎಂಎ ಎಲ್ಲ ಜೊತೆಗೇ ಬರುತ್ತವೆ. 2025ರ ಅಕ್ಟೋಬರಿನಲ್ಲಿ ಬಂದ 3.14 ಆವೃತ್ತಿಯಲ್ಲಿ ಝಡ್‌ಸ್ಟ್ಯಾಂಡರ್ಡ್ ಕೂಡ ಸೇರಿದೆ. ಜಿಪ್‌ಫೈಲ್ ಬಗ್ಗೆ ಒಂದು ತಕರಾರು ಮಾತ್ರ ಇಲ್ಲೇ ಹೇಳಿಬಿಡ್ತೀನಿ. ನೀವು ಏನೂ ಹೇಳದೆ ಕಡತ ಸೇರಿಸಿದರೆ ಅದು ಕುಗ್ಗಿಸುವುದೇ ಇಲ್ಲ, ಹಾಗೇ ಎತ್ತಿ ಒಳಗಿಡುತ್ತದೆ! ಡಿಫ್ಲೇಟ್ ಮಾಡು ಅಂತ ಬಾಯಿಬಿಟ್ಟು ಹೇಳಬೇಕು. ಜಿಪ್ ಅಂತ ಹೆಸರಿಟ್ಟುಕೊಂಡು ಇದೆಂಥ ಸೌಜನ್ಯವೋ ಕಾಣೆ.

ಈ ಡಿಫ್ಲೇಟ್ ಅನ್ನುವುದು ಎರಡು ಉಪಾಯಗಳ ಜೋಡಿ. ಮೊದಲನೆಯದು 1977ರಲ್ಲಿ ಜೇಕಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ ಕೊಟ್ಟದ್ದು. (ಇಬ್ಬರೂ 2023ರಲ್ಲಿ, ಎರಡು ತಿಂಗಳ ಅಂತರದೊಳಗೆ ತೀರಿಕೊಂಡರು.) ನಮ್ಮ ಕಡೆಯ ಜಮೀನಿನ ಪತ್ರ ಓದಿದವರಿಗೆ ಇದು ಹೊಸದಲ್ಲ. ಒಂದು ಸಲ ಸರ್ವೆ ನಂಬರು, ಚಕ್ಕುಬಂದಿ, ಎಕರೆ ಗುಂಟೆ ಎಲ್ಲ ಬರೆದಾದ ಮೇಲೆ ಮುಂದೆಲ್ಲ ಬರೀ "ಸದರಿ ಜಮೀನು". ಗಣಕವೂ ಅಷ್ಟೇ ಮಾಡುತ್ತದೆ. ಹಿಂದೆ ಬಂದದ್ದೇ ಮತ್ತೆ ಬಂದರೆ, ಇಷ್ಟು ಬೈಟು ಹಿಂದೆ ಹೋಗು, ಅಲ್ಲಿಂದ ಇಷ್ಟು ಬೈಟು ತಗೋ ಅಂತ ಎರಡು ಸಂಖ್ಯೆ ಬರೆದಿಡುತ್ತದೆ. ಈ ಸದರಿ ಹಿಂದಕ್ಕೆ ನೋಡುವುದು 32768 ಬೈಟು ಮಾತ್ರ. ಅದಕ್ಕಿಂತ ಹಿಂದೆ ಏನಿತ್ತೋ ಅದಕ್ಕೆ ಮರೆತುಹೋಗಿರುತ್ತದೆ.

ಎರಡನೆಯದು ಡೇವಿಡ್ ಹಫ್‌ಮನ್‌ನದು. ಎಂಐಟಿಯಲ್ಲಿ ಓದುವಾಗ ಪರೀಕ್ಷೆಯ ಬದಲು ಪ್ರಬಂಧ ಬರೆಯಬಹುದು ಅಂತ ಮೇಷ್ಟ್ರು ಹೇಳಿದ್ದಕ್ಕೆ ಹೊಳೆಸಿಕೊಂಡದ್ದು, 1952ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕರೆಯುವ ವೆಂಕಟರಮಣ ವೆಂಕ ಆಗುತ್ತಾನೆ, ವರ್ಷಕ್ಕೊಮ್ಮೆ ಬರುವ ನೆಂಟರು ಪೂರ್ತಿ ಹೆಸರಿನಲ್ಲೇ ಉಳಿಯುತ್ತಾರೆ ಅಲ್ವಾ, ಹಾಗೆ. ಹೆಚ್ಚು ಬರುವ ಬೈಟಿಗೆ ಕಡಿಮೆ ಬಿಟ್ಟು, ಅಪರೂಪದ್ದಕ್ಕೆ ಜಾಸ್ತಿ.

ಈಗ ಇದನ್ನು ಕನ್ನಡದ ಮೇಲೆ ಬಿಟ್ಟು ನೋಡಿ. ಯೂನಿಕೋಡ್ ಬಂದ ಹೊಸತರಲ್ಲಿ ಒಂದು ಗೊಣಗಾಟ ಇತ್ತು, ನಿಮಗೂ ನೆನಪಿರಬಹುದು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡಕ್ಕೆ ಮೂರು, ಇದ್ಯಾವ ನ್ಯಾಯ ಅಂತ. ಯುಟಿಎಫ್-8ರಲ್ಲಿ "ಕನ್ನಡ" ಅನ್ನುವ ಪದಕ್ಕೆ 15 ಬೈಟು. ನಾವು ನೋಡುವುದು ಮೂರು ಅಕ್ಷರ. ಗಣಕ ನೋಡುವುದು ಕ, ನ, ಹಲಂತ, ನ, ಡ ಅಂತ ಐದು. ಒಂದೊಂದಕ್ಕೂ ಮೂರು ಬೈಟು. ಕ ಅಂದರೆ 224, 178, 149. ನ ಅಂದರೆ 224, 178, 168. ಇಡೀ ಕನ್ನಡದ ಮನೆಯಲ್ಲಿ ಮೊದಲ ಬೈಟು ಯಾವಾಗಲೂ 224, ಎರಡನೆಯದು 178 ಇಲ್ಲವೇ 179, ಬದಲಾಗುವುದು ಮೂರನೆಯದು. ಪ್ರತಿ ಅಕ್ಷರವೂ ಊರು, ಕೇರಿ ಹೇಳಿಕೊಂಡೇ ಒಳಗೆ ಬರುತ್ತದೆ.

ಇಷ್ಟು ಪುನರಾವರ್ತನೆ ಕಂಡರೆ ಡಿಫ್ಲೇಟಿಗೆ ಹಬ್ಬ. ಎಲ್ಲ ಕಡೆ ಬರುವ 224ಕ್ಕೆ ಹಫ್‌ಮನ್ ಚೋಟುದ್ದದ ಸಂಕೇತ ಕೊಡುತ್ತಾನೆ. ಸದರಿ ಹೇಳಲು ಬೇಕಾದ ಕನಿಷ್ಠ ಉದ್ದ ಎಷ್ಟು ಗೊತ್ತಾ, ಮೂರು ಬೈಟು. ಅಂದರೆ ಒಂದು ಕನ್ನಡ ಅಕ್ಷರ ಸಾಕು! "ಗಳನ್ನು", "ತ್ತಿದ್ದರು", "ವುದಕ್ಕೆ" ಅಂತ ನಾವು ಬಾಲ ಅಂಟಿಸುವ ಭಾಷೆ ಬೇರೆ. ನಮ್ಮ ಮೇಲೆ ಹೇರಿದ್ದ ಮೂರು ಪಟ್ಟು ಸುಂಕದ ಬಹುಪಾಲನ್ನು, ಕನ್ನಡ ಅಂದರೇನೆಂದೇ ತಿಳಿಯದ ಯಂತ್ರ ವಾಪಸ್ ಕೊಡುತ್ತದೆ. ಬಹಳಷ್ಟು ವೆಬ್ ಸರ್ವರುಗಳು ಪುಟವನ್ನು ಹೀಗೆ ಕುಗ್ಗಿಸಿಯೇ ಕಳಿಸುತ್ತವೆ, ಬ್ರೌಸರು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಆ ಗೊಣಗಾಟ ದಾರಿ ಮಧ್ಯದಲ್ಲಿ ಆಗಲೂ ಪೂರ್ತಿ ನಿಜ ಇರಲಿಲ್ಲ.

ಕೊಡುವಾಗ ಒಂದು ಶರತ್ತು. ಪೈಥಾನ್ 3ರ ಜೆಡ್‌ಲಿಬ್ ಅಕ್ಷರಗಳನ್ನು ಮುಟ್ಟುವುದಿಲ್ಲ, ಬೈಟು ಕೊಡಿ ಅನ್ನುತ್ತದೆ. ಮೊದಲು ಯುಟಿಎಫ್-8ಕ್ಕೆ ಎನ್‌ಕೋಡ್, ಆಮೇಲೆ ಕಂಪ್ರೆಸ್. ವಾಪಸ್ ಬರುವಾಗ ಉಲ್ಟಾ. ನನಗೆ ಈ ಮಡಿ ಇಷ್ಟ. ಬೈಟಿಗೆ ಬೈಟು ಹಾಗೇ ಮರಳುತ್ತದೆ, ಕಣ್ಣಿಗೆ ಕಾಣದ್ದೂ ಸಹ. ರ್‍ಯಾಂಕ್ ಅಂತ ಸರಿಯಾಗಿ ಬರಲೆಂದು ನಾವೆಲ್ಲ ಒದ್ದಾಡಿ ತುರುಕುತ್ತಿದ್ದ ಶೂನ್ಯ ಅಗಲದ ಜೋಡಕ ಇದೆಯಲ್ಲ, ಅದಕ್ಕೂ ಮೂರು ಬೈಟು, ಅದೂ ಜೋಪಾನ.

ಇಷ್ಟಾದ ಮೇಲೆ ಉತ್ಸಾಹದಲ್ಲಿ ಒಂದೊಂದೇ ಕಾಮೆಂಟನ್ನು ಕುಗ್ಗಿಸಲು ಹೊರಟರೆ ಮಜಾ ನೋಡಿ. "ಕನ್ನಡ" ಒಂದನ್ನೇ ಜೆಡ್‌ಲಿಬ್‌ಗೆ ಕೊಟ್ಟೆ. 15 ಬೈಟು ಹೋಗಿ 22 ಬೈಟು ಬಂತು! ಜಿಜಿಪ್ ಆದರೆ ಇನ್ನೂ 12 ಜಾಸ್ತಿ. ಯಾಕೆಂದರೆ ಜೆಡ್‌ಲಿಬ್‌ನ ತಲೆಚೀಟಿ ಮತ್ತು ಬಾಲಚೀಟಿಗೇ 6 ಬೈಟು ಬೇಕು, ಜಿಜಿಪ್‌ಗೆ 18. ಒಂಟಿ ಪದಕ್ಕೆ ಸದರಿ ಅನ್ನಲು ಹಿಂದೆ ಏನಿದೆ? ಅದೇ ಪದವನ್ನು ಸಾವಿರ ಸಲ ಸಾಲಾಗಿಟ್ಟು ಕೊಟ್ಟರೆ 15000 ಬೈಟು ಹೋಗಿ ನೂರರೊಳಗೆ ಕೂತುಕೊಳ್ಳುತ್ತದೆ.

ಚಿಕ್ಕ ಬಫರುಗಳಿಗೆ ಅಂತಲೇ ಜೆಡ್‌ಲಿಬ್‌ನಲ್ಲಿ ಒಂದು ಜಾಣತನ ಇದೆ. ಪೈಥಾನ್ 3.3ರಿಂದ ನಮ್ಮ ಕೈಗೂ ಸಿಕ್ಕಿದೆ. ಮುಂಚೆಯೇ ಒಂದು ನಿಘಂಟು ಕೊಟ್ಟುಬಿಡುವುದು. ಕಾಮೆಂಟು ಶುರುವಾಗುವ ಮೊದಲೇ ಸದರಿ ಅನ್ನಲು ಹಿಂದೆ ಸರಕು ಇರುತ್ತದೆ. ಹೆಚ್ಚು ಬರುವ ಮಾತುಗಳನ್ನು ನಿಘಂಟಿನ ಕೊನೆಯಲ್ಲಿಡಿ ಅಂತ ದಾಖಲೆ ಹೇಳುತ್ತದೆ. ನಮ್ಮ ಬ್ಲಾಗುಲೋಕಕ್ಕೆ ಇಂಥ ನಿಘಂಟು ತಯಾರಿಸುವುದು ಎಷ್ಟು ಸುಲಭ ಅಂತೀರಿ! "ತುಂಬಾ ಚೆನ್ನಾಗಿ ಬರೆದಿದ್ದೀರಿ", "ಹೀಗೇ ಬರೀತಾ ಇರಿ", "ಬಾಲ್ಯ ನೆನಪಾಯಿತು", ಕಟ್ಟಕಡೆಗೆ "ಬಿಡುವಾದಾಗ ನನ್ನ ಬ್ಲಾಗಿಗೂ ಬನ್ನಿ". ಇಷ್ಟು ಹಾಕಿದರೆ ನಮ್ಮ ಅರ್ಧ ಸಾಹಿತ್ಯ ನಾಲ್ಕು ಸದರಿಯಲ್ಲಿ ಮುಗಿಯುತ್ತದೆ. (ಸಿಟ್ಟಾಗಬೇಡಿ, ಅದರಲ್ಲಿ ನನ್ನದೂ ಇದೆ.)

ಪ್ರಯೋಗ ಮಾಡಿದೆ, ಕೆಲಸ ಮಾಡುತ್ತದೆ. ಆದರೂ ಬಳಸಲಿಲ್ಲ. ಬಿಚ್ಚುವಾಗಲೂ ಅದೇ ನಿಘಂಟು, ಒಂದು ಬೈಟೂ ವ್ಯತ್ಯಾಸವಿಲ್ಲದೆ ಬೇಕು. ಇಪ್ಪತ್ತು ವರ್ಷದ ನಂತರ ಯಾರದೋ ಕೈಗೆ ಗಂಟು ಸಿಕ್ಕಿ ನಿಘಂಟು ಸಿಗದಿದ್ದರೆ? ಶಿರಸಿಯ ಹಿರಿಯರ ಅಪ್ಪೆಮರವನ್ನು ಅಂಥ ಕೀಲಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ.

ಹಾಗಾದರೆ ಎಲ್ಲವನ್ನೂ ಒಂದೇ ಗಂಟು ಕಟ್ಟೋಣವೇ? ಗಾತ್ರದ ಲೆಕ್ಕದಲ್ಲಿ ಅದೇ ಉತ್ತಮ. ಎಲ್‌ಜೆಡ್‌ಎಂಎ ಆದರಂತೂ ಸಾಮಾನ್ಯ ಮಟ್ಟದಲ್ಲೇ 8 ಮೆಗಾಬೈಟು ಹಿಂದಕ್ಕೆ ನೋಡಬಲ್ಲದು, 2007ರ ಮಾತಿಗೆ 2012ರಲ್ಲಿ ಸದರಿ ಅನ್ನುತ್ತದೆ. ಕುತೂಹಲಕ್ಕೆ ಜಿಜಿಪ್ ಗಂಟಿನ ಒಂದು ನಕಲು ಮಾಡಿ, ನಡುವಿನ ಒಂದೇ ಒಂದು ಬೈಟು ಬದಲಾಯಿಸಿ ಬಿಚ್ಚಲು ನೋಡಿದೆ. ತೆರೆಯಲಿಲ್ಲ. ಜೆಡ್‌ಲಿಬ್‌ನ ಡಿಕಂಪ್ರೆಸ್ ಆಬ್ಜೆಕ್ಟ್ ಮೂಲಕ ಸ್ವಲ್ಪ ಸ್ವಲ್ಪವೇ ಉಣಿಸಿದರೆ ಗಾಯದ ಹಿಂದಿನ ಭಾಗ ಸಿಗುತ್ತದೆ, ಅಲ್ಲಿಂದ ಮುಂದಿನದನ್ನು ನಂಬುವ ಹಾಗಿಲ್ಲ. ಹಿಂದೆ ನೋಡಿ ಮುಂದೆ ಕಟ್ಟಿದ್ದು ತಾನೇ, ಹಿಂದಿನದು ಕೆಟ್ಟರೆ ಮುಂದಿನದೂ ಕೆಟ್ಟಿತು. ಅದೇ ಬರೀ ಯುಟಿಎಫ್-8 ಪಠ್ಯದಲ್ಲಿ ಒಂದು ಬೈಟು ಕೆಟ್ಟರೆ ಒಂದು ಅಕ್ಷರ ಹೋಗುತ್ತದೆ, ಪಕ್ಕದ ಅಕ್ಷರ ಏನೂ ಆಗದವರ ಹಾಗೆ ನಿಂತಿರುತ್ತದೆ. ಆ ಊರು ಕೇರಿ ಹೇಳಿಕೊಳ್ಳುವ ಚಾಳಿ ಇಲ್ಲಿ ಉಪಕಾರಕ್ಕೆ ಬಂತು ನೋಡಿ.

ಕೊನೆಗೆ ಮಾಡಿದ್ದು ನಡುದಾರಿ. ಒಂದು ಬರಹ, ಅದರ ಕೆಳಗಿನ ಕಾಮೆಂಟುಗಳು, ಇಷ್ಟಕ್ಕೆ ಒಂದು ಜಿಜಿಪ್. ಅಪ್ಪೆಹುಳಿ ಬರಹದ ಕೆಳಗಿನ ಮಾತೆಲ್ಲ ಅಪ್ಪೆಹುಳಿಯದ್ದೇ ಆದ್ದರಿಂದ ಸದರಿಗೂ ಸಾಕಷ್ಟು ಸಿಗುತ್ತದೆ. ಇಂಥ ಪುಟ್ಟ ಗಂಟುಗಳನ್ನು ಒಂದರ ಹಿಂದೊಂದು ಒಂದೇ ಕಡತಕ್ಕೆ ಜೋಡಿಸಿದೆ. ಜಿಜಿಪ್‌ನ ಒಳ್ಳೆಯ ಗುಣ ಇದು, ಹಲವು ಗಂಟು ಅಂಟಿಸಿದರೂ ಅದು ಒಂದು ಜಿಜಿಪ್ ಕಡತವೇ. ಪೈಥಾನ್ ಮೊದಲಿಂದ ಕೊನೆವರೆಗೆ ಸಲೀಸಾಗಿ ಓದುತ್ತದೆ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಯಂತ್ರ ಪುಟಗಳನ್ನು ಇಡುವ ವಾರ್ಕ್ ಕಡತಗಳಲ್ಲೂ ಇದೇ ಪದ್ಧತಿ, ದಾಖಲೆಗೊಂದು ಗಂಟು. ಯಾವ ಬರಹ ಎಷ್ಟನೇ ಬೈಟಿನಲ್ಲಿ ಶುರು ಅಂತ ಪಕ್ಕದಲ್ಲೊಂದು ಪಟ್ಟಿ ಇಟ್ಟರೆ ಬೇಕಾದಲ್ಲಿಗೆ ನೇರ ಹಾರಬಹುದು. ಪಟ್ಟಿ ಕಳೆದರೂ 31, 139, 8 ಅನ್ನುವ ಮೂರು ಬೈಟು ಹುಡುಕುತ್ತಾ ಹೋದರೆ ಗಂಟಿನ ತಲೆಗಳು ಸಿಗುತ್ತವೆ. ಒಂದು ಹಾಳಾದರೆ ಒಂದೇ ಹಾಳು. ಗಾತ್ರ ಒಟ್ಟು ಗಂಟಿಗಿಂತ ಜಾಸ್ತಿಯಾಯಿತು, ಆಗಲಿ.

ಕುಗ್ಗಿಸುವ ಮಟ್ಟ 1ರಿಂದ 9ರವರೆಗೆ ಇದೆ, ಸುಮ್ಮನಿದ್ದರೆ ಜೆಡ್‌ಲಿಬ್‌ನದು 6. ಅದರ ಬಗ್ಗೆ ಇಡೀ ರಾತ್ರಿ ಚರ್ಚೆ ಮಾಡುವವರಿದ್ದಾರೆ, ನಾನು 9 ಇಟ್ಟು ಮಲಗಿದೆ. ಫೋಟೋಗಳನ್ನು ಮುಟ್ಟಲಿಲ್ಲ, ಜೆಪೆಗ್ ಆಗಲೇ ಹಿಂಡಿದ ಬಟ್ಟೆ.

ಬಿಚ್ಚಿ ಪರೀಕ್ಷಿಸುವ ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಕಿವಿಮಾತು. ದೊಡ್ಡ ಕಡತವನ್ನು 65536 ಬೈಟಿನ ತುಂಡು ತುಂಡಾಗಿ ಓದುವುದು ರೂಢಿ. ಆ ಸಂಖ್ಯೆ ಮೂರರಿಂದ ಭಾಗವಾಗುವುದಿಲ್ಲ! ಬರೀ ಕನ್ನಡವಿದ್ದರೆ 21845 ಅಕ್ಷರ ಆಗಿ ಒಂದು ಬೈಟು ಉಳಿಯುತ್ತದೆ, ಮುಂದಿನ ಅಕ್ಷರದ ಕಾಲು ಮಾತ್ರ. ತುಂಡನ್ನು ಅಲ್ಲೇ ಡಿಕೋಡ್ ಮಾಡಿದರೆ ದೋಷ ಬರುತ್ತದೆ, ದೋಷ ಕಡೆಗಣಿಸು ಅಂದರೆ ಅಕ್ಷರವೇ ಸದ್ದಿಲ್ಲದೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ಕೋಡೆಕ್ಸ್‌ನಲ್ಲಿ ಇನ್‌ಕ್ರಿಮೆಂಟಲ್ ಡಿಕೋಡರ್ ಅಂತ ಇದೆ, ಉಳಿದ ಬೈಟನ್ನು ಮುಂದಿನ ತುಂಡು ಬರುವವರೆಗೆ ಕೈಯಲ್ಲೇ ಹಿಡಿದಿರುತ್ತದೆ. ಅದನ್ನು ಬಳಸಿ.

ಮಗಳಿಗೆ ಕಳಿಸಿದ್ದು ಮಾತ್ರ ಕುಗ್ಗಿಸದ ಸಾದಾ ಪಠ್ಯ ಕಡತ, ಫೋನಿನಲ್ಲೇ ತೆರೆಯಲಿ ಅಂತ. ಗಂಟಿನ ಜೊತೆಗೂ ಒಂದು ಸಾದಾ ಕಡತ ಇಟ್ಟಿದ್ದೇನೆ, ಒಳಗೆ ಏನಿದೆ, ಹೇಗೆ ಬಿಚ್ಚಬೇಕು ಅಂತ ಕನ್ನಡದಲ್ಲಿ ಹನ್ನೆರಡು ಸಾಲು. ಸ್ಕ್ರಿಪ್ಟ್ ಬೇಕಿದ್ದವರು ಕೆಳಗೆ ಹೇಳಿ, ಕಳಿಸ್ತೀನಿ. ಹಳಬರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಬ್ಲಾಗು ಹೋಗಿದ್ದರೆ, ಹೆಸರು ತಿಳಿಸಿ. ನಿಮ್ಮ ಕಾಮೆಂಟುಗಳು ಎಷ್ಟಿವೆಯೋ ಹುಡುಕಿ ತೆಗೆದು ಕೊಡುತ್ತೇನೆ.