ಒಲಿ ಪೈಪಿಗಿ ಜಂಗು, ಮಾಳಗಿ ಸೋರೋದು: ಮಿರಗಕ್ಕಿಂತ ಮೊದ್ಲ ಒಮ್ಮಿ ಮ್ಯಾಲ ಹತ್ತಿ ನೋಡ್ರಿ

ಎಲ್ಲರೂ ತೊಗರಿ ಬೀಜ, ಗೊಬ್ಬರ ಅಂತ ಓಡಾಡೋ ದಿನ ಇವು. ಇವತ್ತ ಹೊಲದ ಮಾತು ಬಿಟ್ಟು ಅಡಗಿಮನಿ ಮಾತು ಬರೀತೀನಿ. ಬಿತ್ತಿಗಿ ಶುರು ಆದ್ರ ಮಾಳಗಿ ಹತ್ತಾಕ ಯಾರಿಗೂ ಪುರಸೊತ್ತು ಇರಂಗಿಲ್ಲ, ಅದಕ್ಕ ಈಗೇ ಬರೀಲಿಕತ್ತೀನಿ.

2016ರಾಗ ಉಜ್ವಲಾ ಯೋಜನೆ ಬಂದ ಮ್ಯಾಲ ಆಳಂದ, ಅಫಜಲಪುರ, ಜೇವರ್ಗಿ ಕಡಿ ಹಳ್ಳಿಗಳಾಗ ಭಾಳ ಮನಿಗಿ ಗ್ಯಾಸ್ ಬಂದದ. ಖರೇ, ಒಲಿ ಮಾತ್ರ ಹೋಗಿಲ್ಲ. ಹತ್ತು ಮಂದಿಗಿ ಜ್ವಾಳದ ರೊಟ್ಟಿ ಬಡೀಬೇಕು, ಜಳಕಕ್ಕ ನೀರು ಕಾಸಬೇಕು ಅಂದ್ರ ಒಲೀನೇ ಬೇಕು. ರಾಶಿ ಆದ ಮ್ಯಾಲ ತೊಗರಿ ಕಟಗಿ ಮನಿ ಮುಂದ ಬಣವಿ ಬಿದ್ದಿರ್ತದ, ರೊಕ್ಕ ಕೊಟ್ಟು ತರೋ ಉರುವಲು ಅಲ್ಲ ಅದು.

ನಮ್ಮ ಹಳೀ ಮಣ್ಣಿನ ಮಾಳಗಿ ಮನಿಗಳಾಗ ಒಲಿ ಮ್ಯಾಲ ಬೆಳಕಿಂಡಿ ಇರ್ತಿತ್ತು. ಬೆಳಕು ಒಳಗ, ಹೊಗಿ ಹೊರಗ. ಮಳಿ ಬಂತಂದ್ರ ಯಾರರೆ ಓಡಿ ಹೋಗಿ ಅದರ ಮ್ಯಾಲ ಫರಸಿ ಇಲ್ಲಾ ಗಡಗಿ ಮುಚ್ಚತಿದ್ರು. ಮುಂದ 1980ರ ದಶಕದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲಿ ಬಂತು, ಸರ್ಕಾರದ ಹೊಗೆರಹಿತ ಒಲಿ ಬಂದವು, ಅವುಗಳ ಜೋಡಿ ಪೈಪ್ ಬಂತು. ಈಗ ಬಹಳ ಮಂದಿ ವೆಲ್ಡಿಂಗ್ ಅಂಗಡ್ಯಾಗ ತಗಡಿನ ಪೈಪ್ ಮಾಡಿಸಿ ಅದೇ ಬೆಳಕಿಂಡ್ಯಾಗ ತೂರಸ್ತಾರ. ಜಂಗು ಮತ್ತ ಸೋರಿಕಿ ಎರಡೂ ಅಲ್ಲಿಂದನೇ ಶುರು ಆಗ್ತಾವ.

ಹೋದ ವರ್ಷ ಮಳಿಗಾಲದಾಗ ನಮ್ಮ ಮನ್ಯಾಗ ಒಲಿ ಪೈಪಿನ ಬುಡಕ ಕರೀ ನೀರು ಇಳೀಲಿಕ್ಕತ್ತು. ಗ್ವಾಡಿ ಮ್ಯಾಲ ಕಂದು ಪಟ್ಟಿ, ಪಕ್ಕದ ಜಂತಿ ಹಸಿ. ಗೌಂಡಿ ಬಂದು ನೋಡಿ, “ಇದ್ರಾಗೇನದ, ಪೈಪ್ ತಗದು ಕಿಂಡಿ ಮ್ಯಾಲ ಫರಸಿ ಹಾಕಿ ಸಿಮೆಂಟ್ ಬಡದ್ರ ಮುಗೀತು, ಒಂದು ಹನಿ ಬರಂಗಿಲ್ಲ” ಅಂದ. ನಮ್ಮವ್ವ ರೊಟ್ಟಿ ಬಡ್ಯಾಕ ಕುಂತಿದ್ದಳು. ಕುಂತಲ್ಲಿಂದನೇ ಕೇಳಿದಳು: “ನೀರು ನಿಲ್ತದಪ್ಪ, ಹೊಗಿ ಎಲ್ಲಿ ಹೋಗಬೇಕು? ನನ್ನ ಎದ್ಯಾಗೇನು?”

ಇಡೀ ಮಾತು ಅಷ್ಟೇ ನೋಡ್ರಿ. ಸೋರೋ ಕಿಂಡಿ ಮುಚ್ಚೋದು ಭಾಳ ಸಸ್ತಾ ರಿಪೇರಿ. ಆದ್ರ ಅದರ ಬೆಲಿ ಒಲಿ ಮುಂದ ಕುಂತ ಹೆಣಮಕ್ಕಳು ಕೊಡ್ತಾರ. ಅಡಗಿ ಹೊಗಿಯಿಂದ ಕೆಟ್ಟ ಮನಿ ಗಾಳಿಗಿ 2020ರಲ್ಲಿ ಜಗತ್ತಿನಾಗ ಸುಮಾರು 32 ಲಕ್ಷ ಮಂದಿ ಸತ್ತಾರ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳ್ತದ. ಮಳಿಗಾಲದಾಗ ಕದ ಕಿಡಕಿ ಹಾಕೊಂಡು, ಕಿಂಡೀನೂ ಮುಚ್ಚಿ ಹಸಿ ಕಟಗಿ ಹಚ್ಚಿದ್ರ ಕಣ್ಣು ಉರಿಯೋದಷ್ಟೇ ಅಲ್ಲ. ವಾಸನಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿನೂ ಅದೇ ಖೋಲ್ಯಾಗ ನಿಲ್ತದ.

ಹಂಗಾದ್ರ ಏನ್ ಮಾಡಬೇಕು? ಮೊದ್ಲು ಯಾವ ನೀರು ಅಂತ ತಿಳ್ಕೋಬೇಕು. ಒಲಿ ಪೈಪಿನಾಗ ಎರಡು ನಮೂನಿ ನೀರು ಬರ್ತದ.

ಒಂದು ಮಳಿ ನೀರು. ಇದು ಮಳಿ ಬಂದಾಗ ಮಾತ್ರ ಬರ್ತದ. ಮಳಿ ನಿಂತು ಒಂದೆರಡು ದಿನ ಆದ್ರೂ ಜಿನುಗ್ತಿದ್ರ ಕಿಂಡಿ ಸುತ್ತಿನ ಮಣ್ಣೇ ನೀರು ಕುಡದದ ಅಂತ ಅರ್ಥ.

ಇನ್ನೊಂದು ಹೊಗಿ ನೀರು. ಇದು ಭಾಳ ಮಂದಿ ಲಕ್ಷ್ಯಕ್ಕ ಬರಂಗಿಲ್ಲ. ಪೂರಾ ಒಣಗಿದ ಕಟಗಿ ಒಂದು ಕಿಲೋ ಸುಟ್ರೂ ಸುಮಾರು ಅರ್ಧ ಕಿಲೋ ನೀರು ಹಬಿ ಆಗಿ ಹೊಗಿ ಜೋಡಿ ಮ್ಯಾಲ ಹೋಗ್ತದ. ಕಟಗಿ ಹಸಿ ಇದ್ರ ಅದರ ನೀರು ಬ್ಯಾರೆ. ಮಾಳಗಿ ಮ್ಯಾಲ ಪೈಪ್ ತಣ್ಣಗ ಇರ್ತದ, ಹಬಿ ಅಲ್ಲೇ ನೀರಾಗಿ ಮಸಿ ಜೋಡಿ ಕೂಡಿ ಒಳಗಿಂದ ತೆಳಗ ಇಳೀತದ. ಮಳಿ ಇಲ್ಲದ ದಿನಾನೂ ಕಂದು ಬಣ್ಣದ, ಜಿಗಟು, ನಾರೋ ನೀರು ಬಂದ್ರ ಅದು ಇದೇ. ಇದ್ರಾಗ ಹುಳಿ ಅಂಶ ಇರ್ತದ, ತಗಡಿನ ಮ್ಯಾಲಿನ ಸತುವಿನ ಲೇಪ ತಿಂತದ. ಅದಕ್ಕ ಪೈಪ್ ಹೊರಗ ಛಲೋ ಕಾಣ್ತಿರ್ತದ, ಒಳಗ ಜಂಗು ಹಿಡದು ಹಪ್ಪಳ ಆಗಿರ್ತದ. ಇದಕ್ಕ ಮಾಳಗಿ ಮ್ಯಾಲ ಎಷ್ಟು ಡಾಂಬರು ಬಡದ್ರೂ ಉಪಯೋಗ ಇಲ್ಲ.

ನಮ್ಮ ಪೈಪಿಗಿ ಎರಡೂ ಇದ್ದವು. ಬ್ಯಾಸಗ್ಯಾಗ ಪೈಪ್ ಬಿಚ್ಚಿ, ಮೊಳಿ ತಗೊಂಡು ಒತ್ತಿ ಒತ್ತಿ ನೋಡಿದ್ವಿ. ಮೊಳಿ ತೂರದ ಕಡಿ ಜಂಗು ಬರೀ ಮ್ಯಾಲಮ್ಯಾಲ ಇತ್ತು. ತಂತಿ ಬ್ರಷ್ ಹಾಕಿ ತಿಕ್ಕಿ, ಕಾವು ತಡಿಯೋ ಕರೀ ಬಣ್ಣ ಹಚ್ಚಿದ್ವಿ. ಮಾಳಗಿ ಮಣ್ಣಿನಾಗ ಹುಗದಿದ್ದ ಭಾಗಕ್ಕ ಮೊಳಿ ಸೀದಾ ಒಳಗ ಹೋಯ್ತು. ಹಸಿ ಮಣ್ಣು ಹತ್ತಿದಲ್ಲಿ ತಗಡು ಉಳಿಯಂಗಿಲ್ಲ. ಆ ತುಂಡು ಬದಲಿ ಮಾಡಿದ್ವಿ. ಮಾಡಿದ ಕೆಲಸ ಹಿಂಗದ:

ಮನಿ ಒಳಗ ಪೈಪ್ ಜೋಡಿಸೋವಾಗ ಮ್ಯಾಲಿನ ತುಂಡು ತೆಳಗಿನ ತುಂಡಿನ ಒಳಗ ಕುಂಡ್ರಬೇಕು. ಆಗ ಹೊಗಿ ನೀರು ಪೈಪಿನ ಒಳಗೇ ಇಳೀತದ, ರೊಟ್ಟಿ ಹಿಟ್ಟಿನ ಮ್ಯಾಲ ಬೀಳಂಗಿಲ್ಲ. ಮಾಳಗಿ ದಾಟಿದ ಮ್ಯಾಲ ಜೋಡಣಿ ಇರಬಾರದು, ಒಂದೇ ತುಂಡು ಇರಬೇಕು.

ಕಿಂಡಿ ಸುತ್ತ ಒಂದು ಗೇಣು ಎತ್ತರ ಕಟ್ಟಿ ಕಟ್ಟಸ್ರಿ. ಆದ್ರ ಸಿಮೆಂಟ್ ಪೈಪಿಗಿ ಹತ್ತಿಸಿ ಬಡೀಬ್ಯಾಡ್ರಿ. ಒಂದು ಮೀಟರ್ ಕಬ್ಬಿಣದ ಪೈಪ್ 100 ಡಿಗ್ರಿ ಕಾವು ಏರಿದ್ರ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ ಆಗ್ತದ, ಆರಿದ್ರ ಮತ್ತ ಕುಗ್ಗತದ. ದಿನಾ ಎರಡು ಹೊತ್ತು ಹಿಂಗಾದ್ರ ಯಾವ ಸಿಮೆಂಟ್ ತಡೀತದ? ಬಿರುಕು ಬಿಟ್ಟೇ ಬಿಡ್ತದ. ಬೆರಳು ಹೋಗೋವಷ್ಟು ಸಂದು ಬಿಟ್ಟು, ಅದರ ಮ್ಯಾಲ ಪೈಪಿಗೇ ಛತ್ರಿ ಹಂಗ ತಗಡಿನ ಕೊರಳಪಟ್ಟಿ ಬಿಗಿಬೇಕು. ಮಳಿ ನೀರು ಪಟ್ಟಿ ಮ್ಯಾಲಿಂದ ಕಟ್ಟಿ ಹೊರಗ ಬೀಳ್ತದ.

ಪೈಪಿನ ತುದಿಗಿ ಟೊಪ್ಪಿಗಿ ಬೇಕು. ಟೊಪ್ಪಿಗಿಗೂ ಪೈಪಿಗೂ ನಡಕ ಪೈಪಿನ ಅಗಲದಷ್ಟು ಜಾಗ ಬಿಡ್ರಿ, ಇಲ್ಲಂದ್ರ ಹೊಗಿ ತಿರುಗಿ ಒಳಗೇ ಬರ್ತದ. ಕಟಗಿ ತೊಲಿ, ಜಂತಿಗಿ ಪೈಪ್ ತಾಗಬಾರದು, ಸಾಕಷ್ಟು ದೂರ ಇರಬೇಕು. ಇದು ಬೆಂಕಿ ಮಾತು, ಚೌಕಾಶಿ ಇಲ್ಲ.

ಕಿಂಡಿ ಸುತ್ತ ಹೊಲದ ಎರಿ ಮಣ್ಣು ತಂದು ಹಾಕೋರು ಅದಾರ. ಎರಿ ಭೂಮಿ ಬ್ಯಾಸಗ್ಯಾಗ ಹೆಂಗ ಬಾಯಿ ಬಿಡ್ತದ ಅಂತ ನಮಗ ಯಾರೂ ಹೇಳಬೇಕಾಗಿಲ್ಲ. ಮಾಳಗಿ ಮ್ಯಾಲೂ ಹಂಗೇ ಬಿಡ್ತದ. ಹಿರೇರು ಮಾಳಗಿಗಿ ಸವಳು ಮಣ್ಣು ಹಾಕ್ತಿದ್ದದ್ದು ಸುಮ್ಮನಲ್ಲ. ಬೆಳಿಗಿ ಕೆಟ್ಟ ಮಣ್ಣು ಅದು, ಆದ್ರ ಹಸಿ ಆದ್ರ ಸಣ್ಣ ಕಣ ಬಿಚ್ಚಿ ಸಂದಿ ಮುಚ್ಚತಾವ, ನೀರು ತೆಳಗ ಬಿಡಂಗಿಲ್ಲ.

ಹೊಗಿ ನೀರು ಕಡಿಮಿ ಮಾಡೋದು ಉರುವಲಿನ ಮ್ಯಾಲ ಅದ. ತೊಗರಿ ಕಟಗಿ ಬಣವಿ ಮ್ಯಾಲ ತಾಡಪತ್ರಿ ಹಾಕ್ರಿ, ವಾರಕ್ಕ ಬೇಕಾಗೋವಷ್ಟು ಒಳಗ ಇಟ್ಕೋರಿ. ಪೈಪಿನ ಬುಡದ ಬೂದಿ, ಮಸಿ ಮಳಿಗಾಲಕ್ಕಿಂತ ಮೊದ್ಲ ತಗೀರಿ. ಹಸಿ ಹಿಡದ ಮಸಿ ಬೂದಿ ತಗಡಿಗಿ ಅಂಟಿ ಕುಂತ್ರ ಆರು ತಿಂಗಳು ಜಂಗಿಗಿ ಕೂಳು ಹಾಕದಂಗ.

ಒಂದು ಎಚ್ಚರಿಕಿ. ಹಳೀ ಹೊಗೆರಹಿತ ಒಲಿಗಳಿಗಿ ಹಾಕಿದ ಬೂದು ಬಣ್ಣದ ಸಿಮೆಂಟ್ ಪೈಪ್ ಕಲ್ನಾರಿಂದು ಇರಬಹುದು. ಜಂಗು ಹಿಡಿಯಂಗಿಲ್ಲ ಅಂತ ಅದನ್ನ ಗರಗಸ ಹಾಕಿ ಕೊಯ್ಯಬ್ಯಾಡ್ರಿ. ಅದರ ಧೂಳು ಪುಪ್ಪುಸಕ್ಕ ಕೆಟ್ಟದು.

2020ರ ಅಕ್ಟೋಬರದಾಗ ಭೀಮಾ ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿ ಕಡಿ ಮಣ್ಣಿನ ಗ್ವಾಡಿ ಬಿದ್ದದ್ದು ನಾವೆಲ್ಲಾ ಕಂಡೀವಿ. ಹೊಳಿ ನೀರು ಹೊಗದ ಮನಿನೂ ಮಾಳಗಿ ನೀರು ಕುಡದು ಜಂತಿ ಕೊಳತು ಕೂಡಬಹುದು. ಹಂಗಂತ ಕಿಂಡಿ ಮುಚ್ಚಿ ಮನಿ ಉಳಸ್ಕೊಂಡ್ರ ಮನ್ಯಾಗಿನ ಜೀವ ಸವೀತದ. ಒಂದು ಕೊರಳಪಟ್ಟಿ, ಒಂದು ಟೊಪ್ಪಿಗಿ, ಒಂದು ತುಂಡು ತಗಡು, ಅರ್ಧ ದಿನದ ಕೆಲಸ. ಈ ವಾರ ಬೀಜ ತರಾಕ ಪ್ಯಾಟಿಗಿ ಹೋದವರು ಪೈಪಿನ ಅಳತಿ ಬರ್ಕೊಂಡು ಹೋಗ್ರಿ. ಅಳತಿ ತಗೊಳ್ಳಾಕ ಹೋದಾಗ ಒಲಿ ಮುಂದ ಕುಂಡ್ರೋರನ್ನೂ ಒಂದು ಮಾತು ಕೇಳ್ರಿ, ಹೊಗಿ ಯಾವ ಕಡಿಂದ ತಿರುಗಿ ಬರ್ತದ ಅಂತ. ಅವರಿಗಿ ಗೊತ್ತಿದ್ದಷ್ಟು ಗೌಂಡಿಗೂ ಗೊತ್ತಿರಂಗಿಲ್ಲ.