ಬಿಟ್ಟು ಹೋದ ಅಕ್ಷರಗಳು

ಉಕ್ತಲೇಖನ ಬರೆಸಿದವರಿಗೆಲ್ಲ ಗೊತ್ತು, ಓದುವವರ ವೇಗ, ಬರೆಯುವವರ ವೇಗ ಎರಡೂ ಹೊಂದಬೇಕು. ಬಸ್ಸಿಗೆ ಹೊತ್ತಾಯಿತೆಂಬಂತೆ ನಾವು ಓದಿದರೆ ಮಕ್ಕಳ ಪುಸ್ತಕದಲ್ಲಿ 'ಮಹಾಭಾರತ' ಹೋಗಿ 'ಮಾರತ' ಉಳಿದಿರುತ್ತದೆ. ಯಂತ್ರಗಳಿಗೂ ಇದೇ ಕಷ್ಟವೆಂದು ನನಗೆ ತಿಳಿದದ್ದು ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದ ಮೇಲೆ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ಕನ್ನಡದವಳಾದ ನನ್ನನ್ನು ಅಲ್ಲಿ ಕಾವಲಿಗೆ ಕೂರಿಸುತ್ತಾರೆ.

ಅಲ್ಲಿ ಆರ್ಡುಯಿನೋ ಊನೋ ಎಂಬ ಅಂಗೈಯಗಲದ ಹಲಗೆಯಿದೆ. ಅದರ ಮೇಲಿನ ಮೈಕ್ರೋಕಂಟ್ರೋಲರ್ ಚಿಪ್ಪು ಇನ್ನೊಂದು ಚಿಪ್ಪಿನೊಡನೆ ಮಾತಾಡಬೇಕಾದರೆ ಇದರ 'ಟಿಎಕ್ಸ್' ಕಾಲನ್ನು ಅದರ 'ಆರ್‌ಎಕ್ಸ್' ಕಾಲಿಗೆ ಸೇರಿಸಬೇಕು. ಬಾಯಿಂದ ಕಿವಿಗೆ ಎನ್ನಿ. ಬಾಯಿಗೆ ಬಾಯಿ ಕಟ್ಟಿದರೆ ನಮ್ಮ ಸ್ಟಾಫ್ ರೂಮಿನ ಹಾಗೆ, ಎಲ್ಲರೂ ಹೇಳುವವರೇ!

ಸ್ವಾರಸ್ಯವೆಂದರೆ, ಇಬ್ಬರಿಗೂ ಸೇರಿ ಒಂದು ಗಡಿಯಾರವಿಲ್ಲ. ಅದಕ್ಕೇ ಇದಕ್ಕೆ 'ಅಸಿಂಕ್ರೋನಸ್' ಎಂಬ ನಾಲಿಗೆ ತಿರುಚುವ ಹೆಸರು. ಮಾತಿಲ್ಲದಾಗ ತಂತಿಯಲ್ಲಿ ವಿದ್ಯುತ್ತಿನ ಒತ್ತಡ ಮೇಲೆಯೇ ನಿಂತಿರುತ್ತದೆ. ಥಟ್ಟನೆ ಕೆಳಗಿಳಿದರೆ ಅದು 'ಸ್ಟಾರ್ಟ್ ಬಿಟ್', ನಾವು "ಬರೆದುಕೊಳ್ಳಿ" ಎಂದಂತೆ. ಅದರ ಹಿಂದೆಯೇ ಸೊನ್ನೆ-ಒಂದುಗಳ ಎಂಟು ಬಿಟ್. ಆಮೇಲೆ ಒತ್ತಡ ಮತ್ತೆ ಮೇಲೇರಿದರೆ 'ಸ್ಟಾಪ್ ಬಿಟ್'. ಸೆಕೆಂಡಿಗೆ 9600 ಬಿಟ್ ಎಂದು ಮೊದಲೇ ಒಪ್ಪಂದವಾಗಿದ್ದರೆ, ಒಂದು ಬಿಟ್ಟಿಗೆ ಸಿಗುವುದು ಸುಮಾರು 104 ಮೈಕ್ರೋಸೆಕೆಂಡು. ಕೇಳುವ ಚಿಪ್ಪು ಸ್ಟಾರ್ಟ್ ಬಿಟ್ ಕಂಡ ಗಳಿಗೆಯಿಂದ ತನ್ನದೇ ಗಡಿಯಾರದಲ್ಲಿ ಎಣಿಸುತ್ತಾ, ಪ್ರತಿ ಬಿಟ್ಟಿನ ನಟ್ಟನಡುವೆ ಇಣುಕಿ ನೋಡುತ್ತದೆ. ನೂರಕ್ಕೆ ಒಂದೆರಡು ಪಾಲು ಹೆಚ್ಚುಕಮ್ಮಿಯಾದರೂ ನಡೆದೀತು, ಏಕೆಂದರೆ ಮುಂದಿನ ಸ್ಟಾರ್ಟ್ ಬಿಟ್ಟಿಗೆ ಎಣಿಕೆ ಹೊಸದಾಗಿ ಶುರು. ಇದು ಟೆಲಿಪ್ರಿಂಟರುಗಳ ಕಾಲದ ಉಪಾಯ. ವೇಗ ಅಳೆಯುವ 'ಬಾಡ್' ಎಂಬ ಮಾತೂ ಫ್ರಾನ್ಸಿನ ತಂತಿ ಇಲಾಖೆಯ ಎಮಿಲ್ ಬೊಡೊ ಹೆಸರಿನದೇ. ನಮ್ಮಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಉಪಾಯ ಮಾತ್ರ ಚಿಪ್ಪಿನೊಳಗೆ ಸೇರಿ ಬದುಕಿದೆ.

ಒಂದು ದಿನ, "ಕಂಪ್ಯೂಟರಿಗೆ 'ಅಮ್ಮ' ಎಂದು ಕಳಿಸಿ ನೋಡೋಣ" ಎಂದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಎಂಟು ಬಿಟ್ಟಿನ ಒಂದು ಬೈಟ್ ಸಾಕು. ಯುಟಿಎಫ್-8 ಎಂಬ ಕ್ರಮದಲ್ಲಿ ನಮ್ಮದಕ್ಕೆ ತಲಾ ಮೂರು. ಅ, ಮ, ಒತ್ತಕ್ಷರ ಮಾಡುವ ಕೊಕ್ಕೆ, ಮತ್ತೊಂದು ಮ: ಹನ್ನೆರಡು ಬೈಟ್. ಸ್ಟಾರ್ಟು, ಸ್ಟಾಪು ಸೇರಿ 120 ಬಿಟ್. ಅಮ್ಮನೆಂದರೆ ಅಷ್ಟು ಭಾರ ಇರಬೇಕಾದ್ದೇ! ಆದರೆ ಪರದೆಯ ಮೇಲೆ ಬಂದದ್ದು ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ, ಕಸ.

ಹುಡುಗರು ಹಲಗೆ ಕೆಟ್ಟಿದೆ ಎಂದರು. ಆಗ ಹತ್ತನೆಯ ತರಗತಿಯ ಒಬ್ಬ ಹುಡುಗಿ ಹಿಂದಿನಿಂದ ಎದ್ದು ಬಂದಳು. ಉಕ್ತಲೇಖನದಲ್ಲಿ ಹತ್ತಕ್ಕೆ ಮೂರು ದಾಟದವಳು; "ಅವಳ ತಲೆಗೆ ಏನೂ ಹೋಗಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಎಂದೋ ತೀರ್ಪಾಗಿದೆ.

"ಮಿಸ್, ಹಲಗೆ 9600ರಲ್ಲಿ ಹೇಳ್ತಿದೆ, ಕಂಪ್ಯೂಟರ್ 115200ರಲ್ಲಿ ಕೇಳ್ತಿದೆ. ಎರಡೂ ಕೆಟ್ಟಿಲ್ಲ."

ಪರದೆಯ ಮೂಲೆಯಲ್ಲಿ ವೇಗ ಬದಲಿಸಿದಳು. ಮುಂದಿನ ಸಾಲಿಗೇ ಅಮ್ಮ ಬಂದಳು.

ಆ ವಾರ ಉಕ್ತಲೇಖನವನ್ನು ನಿಧಾನವಾಗಿ ಓದಿದೆ. ಅವಳಿಗೆ ಏಳು ಬಂತು. ಹೋಲಿಕೆಯನ್ನು ಇನ್ನೂ ಎಳೆಯುವುದು ಬೇಡ. ಒಂದೇ ತಂತಿಯಲ್ಲಿ ಹೇಳುವ ಚಿಪ್ಪಿಗೆ ತನ್ನ ಮಾತು ಮುಟ್ಟಿತೋ ಇಲ್ಲವೋ ಗೊತ್ತಾಗುವುದಿಲ್ಲ, ನಮಗಾದರೆ ಎದುರಿಗೆ ಮಗುವಿನ ಮುಖವಿದೆ.

ಅವಳಿಗೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಆಸೆ. "ಕನ್ನಡವೇ ನೆಟ್ಟಗೆ ಬರೆಯದವಳಿಗೆ ಅದೆಲ್ಲ ಯಾಕೆ" ಎಂದು ಶಾಲೆಯವರೇ ಯಾರೋ ಅವರಪ್ಪನ ಕಿವಿಗೆ ಹಾಕಿದ್ದಾರಂತೆ. ಈ ಭಾನುವಾರ ಅವರ ಮನೆಗೆ ಹೋಗುವವಳಿದ್ದೇನೆ. ಹಲಗೆಯನ್ನೂ ಲ್ಯಾಬಿನಿಂದ ಕೇಳಿ ಪಡೆದಿದ್ದೇನೆ, ಅವರಮ್ಮನೂ ನೋಡಲಿ.